ಚುಕ್ತಾ ಆಗದ ಲೆಕ್ಕ

ಬೆಂಗಳೂರಿನ ಬಸವನಗುಡಿಯ ಗಾಂಧಿ ಬಜಾರಿನಲ್ಲಾಗಲಿ, ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಾಗಲಿ, ಚಾಮರಾಜಪೇಟೆಯ ಮುಖ್ಯ ರಸ್ತೆಗಳಲ್ಲಾಗಲಿ, ಈಚಿನ ಕೆಲವು ವರ್ಷಗಳಿಂದ ಒಂದು ಹೊಸ ವಾಡಿಕೆ ಬೇರೂರಿದೆ. ಗಿರಾಕಿಯು ಪದಾರ್ಥವನ್ನು ಆರಿಸಿ, ಬೆಲೆಯನ್ನು ಒಪ್ಪಿ, ಹಣ ಕೊಡುವುದಕ್ಕೆ ಸಿದ್ಧನಾಗಿ ನಿಂತಿರುವಾಗ, ಬಿಲ್ಲು ಮಾಡತಕ್ಕವರು ಕಂಪ್ಯೂಟರಿನ ತೆರೆಯಿಂದ ದೃಷ್ಟಿಯನ್ನು ಕೀಳದೆಯೇ "ಮೊಬೈಲ್ ನಂಬರ್ ಹೇಳಿ" ಎನ್ನುತ್ತಾರೆ. ಬಟ್ಟೆಯಂಗಡಿಯಲ್ಲಿಯೂ ಇದೇ ಮಾತು, ಔಷಧದಂಗಡಿಯಲ್ಲಿಯೂ ಇದೇ ಮಾತು, ಕನ್ನಡಕ ಚಪ್ಪಲಿಗಳ ಅಂಗಡಿಗಳಲ್ಲಿಯೂ ಇದೇ ಮಾತು. ಹಿಂದೆ ಸಾಲಿನಲ್ಲಿ ನಿಂತವರಿಗೆ ತಡವಾದೀತೆಂಬ ದಾಕ್ಷಿಣ್ಯದಿಂದಲೂ, ಕೊಡದಿದ್ದರೆ ಬಿಲ್ಲೇ ಆಗುವುದಿಲ್ಲವೇನೋ ಎಂಬ ಶಂಕೆಯಿಂದಲೂ, ನಮ್ಮಲ್ಲಿ ಹೆಚ್ಚಿನವರು ಆ ಹತ್ತು ಅಂಕೆಗಳನ್ನು ನಾಲ್ವರಿಗೆ ಕೇಳುವಂತೆ ಉಚ್ಚರಿಸಿ, ರಸೀತಿಯನ್ನು ಮಡಿಸಿಕೊಂಡು ಹೊರಟುಬಿಡುತ್ತೇವೆ. ಇದು ಅಲ್ಪವಾದ ಸಂಗತಿಯೆಂದು ತೋರಬಹುದು. ಆದರೆ ವರ್ತಕರಿಗೂ ನಿವಾಸಿಗಳಿಗೂ ತಲೆಮಾರುಗಳಿಂದ ನಡೆದುಬಂದಿರುವ ಸಂಬಂಧದ ಸ್ವರೂಪವೇ ಈ ಒಂದು ಪ್ರಶ್ನೆಯಿಂದ ಬದಲಾಗುತ್ತಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಹಣ ಸಂದಲ್ಲಿಗೆ ವ್ಯಾಪಾರ ಮುಗಿಯಬೇಕು. ಮುಗಿದ ವ್ಯಾಪಾರವನ್ನು ಗಿರಾಕಿಯ ಅರಿವಿಲ್ಲದೆ ಮುಂದುವರಿಸಿಕೊಂಡು ಹೋಗುವ ಅಧಿಕಾರ ಯಾವ ವರ್ತಕನಿಗೂ ಇಲ್ಲ.

ವರ್ತಕನು ತನ್ನ ಗಿರಾಕಿಯನ್ನು ಅರಿತಿರುವುದೇನೂ ಹೊಸದಲ್ಲ. 1892ರಲ್ಲಿ ಚಾಮರಾಜಪೇಟೆಯೂ, 1898ರ ಪ್ಲೇಗಿನ ಹಾವಳಿಯ ಅನಂತರ ಬಸವನಗುಡಿ ಮಲ್ಲೇಶ್ವರಗಳೂ ಬಡಾವಣೆಗಳಾಗಿ ಬೆಳೆದು ನಿಂತಾಗ, ಹಳೆಯ ಪೇಟೆಯ ಇಕ್ಕಟ್ಟನ್ನು ಬಿಟ್ಟು ಬಂದ ಸಂಬಳದ ಕುಟುಂಬಗಳ ದಿನಚರಿ ಬಹುಮಟ್ಟಿಗೆ ವರ್ತನೆಯ, ಎಂದರೆ ತಪ್ಪದೆ ಮನೆಗೆ ಪದಾರ್ಥ ತಂದುಕೊಡುವ ವಾಡಿಕೆಯ, ಮೇಲೆಯೇ ನಡೆಯುತ್ತಿತ್ತು. ಹಾಲಿನವರು, ಹೂವಿನವರು, ಸೊಪ್ಪಿನವರು ವರ್ತನೆಗೆ ಬರುತ್ತಿದ್ದರು. ತಿಂಗಳ ಸಾಮಾನು ಮೂಲೆಯ ಶೆಟ್ಟರ ಅಂಗಡಿಯಿಂದ ಚೀಟಿಯ ಮೇಲೆ ಬಂದು, ಬಾಕಿ ಪುಸ್ತಕದಲ್ಲಿ ಏರಿ, ಸಂಬಳದ ಮಾರನೆಯ ದಿನ ತೀರುತ್ತಿತ್ತು. ಕಾಫಿಪುಡಿಯ ಅಂಗಡಿಯವರಿಗೆ ಯಾವ ಮನೆಯವರಿಗೆ ಪೀಬೆರಿ ಎಷ್ಟು, ಪ್ಲಾಂಟೇಷನ್ ಎಷ್ಟು, ಚಿಕೋರಿ ಬೇಕೋ ಬೇಡವೋ ಎಂಬುದು ಬಾಯಿಪಾಠವಾಗಿತ್ತು. ಹಿಪ್ಪಲಿ, ಒಣಶುಂಠಿ, ಅಂಟುಗಳ ಚೀಟಿ ಬಂದರೆ ಆ ಮನೆಗೆ ಬಾಣಂತಿ ಬಂದಿದ್ದಾಳೆಂದು ಶೆಟ್ಟರು ಯಾರನ್ನೂ ಕೇಳದೆ ತಿಳಿಯುತ್ತಿದ್ದರು. ಬೇಳೆಯ ಪ್ರಮಾಣ ಇಳಿದರೆ ಮನೆಯ ಯಜಮಾನನ ಕೈ ಬಿಗಿಯಾಗಿದೆಯೆಂದೂ ತಿಳಿಯುತ್ತಿದ್ದರು. ಇಂದು ಅಂಗಡಿಯ ಯಂತ್ರ ಮಾಡುವ ಊಹೆಗಳನ್ನು ಅಂದಿನ ವರ್ತಕನೂ ಮಾಡುತ್ತಿದ್ದನೆಂಬುದನ್ನು ನಾವು ಮರೆಯಲಾಗದು.

ಹಾಗಿದ್ದರೆ ಭೇದವೆಲ್ಲಿ? ಆ ಬಾಕಿ ಪುಸ್ತಕಕ್ಕೆ ನಾಲ್ಕು ಎಲ್ಲೆಗಳಿದ್ದುವು. ಮೊದಲನೆಯದಾಗಿ, ಅದು ಒಂದೇ ಸ್ಥಳದಲ್ಲಿತ್ತು: ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಅದನ್ನು ಬರೆದವನ ಕಣ್ಣೆದುರಿನಲ್ಲಿ. ಎರಡನೆಯದಾಗಿ, ಅದರ ಉದ್ದೇಶ ಗಿರಾಕಿಗೆ ಗೊತ್ತಿತ್ತು. ಸಾಲ ಕೊಟ್ಟಿದ್ದರಿಂದಲೇ ಬರೆಹ, ಸಾಲವಿಲ್ಲದವನ ಹೆಸರು ಪುಸ್ತಕದಲ್ಲಿ ಇರುತ್ತಲೇ ಇರಲಿಲ್ಲ. ಮೂರನೆಯದಾಗಿ, ಅರಿವು ಪರಸ್ಪರವಾಗಿತ್ತು: ಶೆಟ್ಟರು ಗಿರಾಕಿಯ ಮನೆಯನ್ನು ಬಲ್ಲಂತೆ ಗಿರಾಕಿಯೂ ಶೆಟ್ಟರ ಮನೆಯನ್ನೂ ಮಾತನ್ನೂ ತೂಕವನ್ನೂ ಬಲ್ಲವನಾಗಿದ್ದನು. ಎಲ್ಲಕ್ಕಿಂತ ಮುಖ್ಯವಾದ ನಾಲ್ಕನೆಯದು, ಆ ಲೆಕ್ಕಕ್ಕೆ ಅಂತ್ಯವುಂಟಾಗಿತ್ತೆಂಬುದು. ಹಣ ಕೊಟ್ಟೊಡನೆ ಗಿರಾಕಿಯ ಎದುರಿನಲ್ಲಿಯೇ ಆ ಸಾಲುಗಳ ಮೇಲೆ ಒಂದು ಅಡ್ಡಗೆರೆ ಬೀಳುತ್ತಿತ್ತು. ಪುಸ್ತಕ ತುಂಬಿದ ಮೇಲೆ ಕೆಲವು ವರ್ಷ ಅಟ್ಟದ ಮೇಲಿದ್ದು, ಬಳಿಕ ರದ್ದಿಗೆ ಹೋಗುತ್ತಿತ್ತು.

ಆ ಕಾಲವೆಲ್ಲ ಶ್ರೇಷ್ಠವಾಗಿತ್ತೆಂದು ಹೇಳುವುದು ನನ್ನ ಉದ್ದೇಶವಲ್ಲ. ಬಡವನ ಬಾಕಿ ನಾಲ್ವರ ಬಾಯಲ್ಲಿ ಆಡಿಕೆಯ ವಸ್ತುವಾಗುತ್ತಿದ್ದುದೂ ಉಂಟು. ಹೆಣ್ಣುಮಗಳೊಬ್ಬಳು ಏನು ಕೊಂಡಳು, ಯಾಕೆ ಕೊಂಡಳು ಎಂಬುದು ಅವಳು ಮನೆ ಸೇರುವ ಮುನ್ನವೇ ಬೀದಿಗೆ ತಿಳಿದಿರುತ್ತಿದ್ದುದೂ ಉಂಟು. ಜಾತಿಯನ್ನು ನೋಡಿ ಸಾಲ ಕೊಡುವ, ಜಾತಿಯನ್ನು ನೋಡಿ ಅಂಗಡಿಯ ಮೆಟ್ಟಿಲ ಕೆಳಗೆ ನಿಲ್ಲಿಸುವ ಕ್ರೌರ್ಯವೂ ಇದೇ ಪರಿಚಯದ ಇನ್ನೊಂದು ಮುಖವಾಗಿತ್ತು. ಯಾರ ಪರಿಚಯವೂ ಬೇಕಿಲ್ಲದೆ, ಮುದ್ರಿತವಾದ ಬೆಲೆಯನ್ನು ಕೊಟ್ಟು, ಬೇಕಾದುದನ್ನು ಕೊಂಡು ತಲೆಯೆತ್ತಿ ಹೊರಬರಬಹುದೆಂಬ ಸ್ವಾತಂತ್ರ್ಯವನ್ನು ನಗರಜೀವನವು ಅನೇಕರಿಗೆ ಮೊದಲ ಬಾರಿಗೆ ತಂದುಕೊಟ್ಟಿತು. ಆ ಸ್ವಾತಂತ್ರ್ಯವನ್ನು ಸಂಪಾದಿಸಿದ ಮೇಲೆ ಈಗ ಅದನ್ನು ಹತ್ತು ಅಂಕೆಗಳಲ್ಲಿ ಹಿಂದಕ್ಕೆ ಕೊಟ್ಟುಬಿಡುತ್ತಿದ್ದೇವೆಂಬುದೇ ಖೇದಕ್ಕೆ ಕಾರಣ.

ಹೊಸ ಪುಸ್ತಕವು ಹೇಗೆ ಕೆಲಸ ಮಾಡುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ನಂಬರನ್ನು ಒತ್ತಿದ ಕ್ಷಣದಲ್ಲಿ ಬಿಲ್ಲಿನ ತಂತ್ರಾಂಶವು ಆ ನಂಬರಿನ ಹೆಸರಿನಲ್ಲಿ ಒಂದು ಪುಟವನ್ನು ತೆರೆಯುತ್ತದೆ, ಅಥವಾ ಮೊದಲೇ ತೆರೆದಿದ್ದ ಪುಟಕ್ಕೆ ಹೊಸ ಸಾಲನ್ನು ಸೇರಿಸುತ್ತದೆ: ದಿನಾಂಕ, ವೇಳೆ, ಕೊಂಡ ಪದಾರ್ಥ, ಕೊಟ್ಟ ಮೊತ್ತ, ಹಣ ಸಂದ ರೀತಿ. ಈ ಪುಟ ಸಾಮಾನ್ಯವಾಗಿ ಅಂಗಡಿಯ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಬಹುಪಾಲು ತಂತ್ರಾಂಶವನ್ನು ಬಾಡಿಗೆಗೆ ಕೊಟ್ಟ ಸಂಸ್ಥೆಯ ಸರ್ವರ್‌ನಲ್ಲಿ, ಎಲ್ಲಿಯೋ ದೂರದಲ್ಲಿ, ಇರುತ್ತದೆ. ಅಲ್ಲಿ ಗಿರಾಕಿಗಳನ್ನು ಮೂರು ಮಾನದಂಡಗಳಿಂದ ಅಳೆಯುತ್ತಾರೆ: ಕಡೆಯ ಬಾರಿ ಬಂದು ಎಷ್ಟು ದಿನವಾಯಿತು, ಎಷ್ಟು ಸಲ ಬಂದಿದ್ದಾರೆ, ಒಟ್ಟು ಎಷ್ಟು ಖರ್ಚು ಮಾಡಿದ್ದಾರೆ. ಈ ಮೂರನ್ನು ಕೂಡಿಸಿ ಗಿರಾಕಿಗಳನ್ನು ವರ್ಗವರ್ಗವಾಗಿ ವಿಂಗಡಿಸಿ, ಯಾರಿಗೆ ರಿಯಾಯಿತಿ ತೋರಿಸಬೇಕು, ಯಾರಿಗೆ ತೋರಿಸದಿದ್ದರೂ ನಡೆಯುತ್ತದೆ, ಯಾರು ಕೈಬಿಟ್ಟು ಹೋಗುವುದರಲ್ಲಿದ್ದಾರೆ ಎಂದು ನಿರ್ಣಯಿಸುತ್ತಾರೆ. ಇಷ್ಟಕ್ಕೇ ನಿಲ್ಲುವುದಿಲ್ಲ. ನಂಬರುಗಳ ಪಟ್ಟಿಯನ್ನು ಗೂಗಲ್, ಮೆಟಾ ಮೊದಲಾದ ಜಾಹೀರಾತು ಸಂಸ್ಥೆಗಳಿಗೆ ಸಂಕೇತರೂಪದಲ್ಲಿ ಒಪ್ಪಿಸಿದರೆ, ಆ ನಂಬರಿನ ಒಡೆಯರು ತಮ್ಮ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಬೇರೇನನ್ನೋ ನೋಡುತ್ತಿರುವಾಗ ಅದೇ ಅಂಗಡಿಯ ಜಾಹೀರಾತು ಅವರ ಎದುರಿಗೆ ಬರುವಂತೆ ಮಾಡಬಹುದು.

ಹೆಸರನ್ನು ಕೇಳದೆ ನಂಬರನ್ನೇ ಕೇಳುವುದಕ್ಕೆ ಕಾರಣವಿದೆ. ಒಂದೇ ಹೆಸರಿನವರು ಬಸವನಗುಡಿಯೊಂದರಲ್ಲಿಯೇ ನೂರಾರು ಮಂದಿ ಇದ್ದಾರು. ಒಂದು ನಂಬರು ಮಾತ್ರ ಒಬ್ಬರಿಗೇ ಸೇರಿದ್ದು. ನಮ್ಮ ದೇಶದಲ್ಲಿ ಬ್ಯಾಂಕಿನ ಖಾತೆಗೆ ಅದೇ ನಂಬರು, ಯುಪಿಐಗೆ ಅದೇ ನಂಬರು, ಅಡುಗೆ ಅನಿಲಕ್ಕೆ ಅದೇ ನಂಬರು, ಮಕ್ಕಳ ಶಾಲೆಗೂ ಆಸ್ಪತ್ರೆಯ ಚೀಟಿಗೂ ಅದೇ ನಂಬರು. ಮನೆ ಬದಲಾದರೂ ಕೆಲಸ ಬದಲಾದರೂ ನಂಬರು ಬದಲಾಗದು. ಔಷಧದಂಗಡಿಯ ಒಂದು ಬಿಲ್ಲು, ಬಟ್ಟೆಯಂಗಡಿಯ ಒಂದು ಬಿಲ್ಲು, ಹೋಟೆಲಿನ ಒಂದು ಬಿಲ್ಲು ಬೇರೆಬೇರೆಯಾಗಿ ನೋಡಿದರೆ ರಂಗೋಲಿಯ ಚುಕ್ಕಿಗಳಂತೆ ಏನನ್ನೂ ಹೇಳವು. ನಂಬರೆಂಬ ಎಳೆ ಅವುಗಳ ನಡುವೆ ಹರಿದಾಗ ಒಂದು ಸಂಸಾರದ ಆರೋಗ್ಯ, ಆದಾಯ, ಅಭಿರುಚಿ, ಕಷ್ಟಸುಖಗಳ ಆಕೃತಿಯೇ ಮೂಡಿಬಿಡುತ್ತದೆ. ಪ್ರತಿಯೊಬ್ಬ ವರ್ತಕನೂ "ನಾನು ಬರೆದುಕೊಂಡದ್ದು ಒಂದು ನಂಬರು ಮಾತ್ರ" ಎಂದು ಸತ್ಯವಾಗಿಯೇ ಹೇಳಬಹುದು. ಆದರೆ ಆ ಒಂದು ನಂಬರು ನೂರು ಕಡೆ ಬರೆಯಲ್ಪಟ್ಟಿರುವುದರಿಂದ ಆಗುವ ಪರಿಣಾಮಕ್ಕೆ ಹೊಣೆ ಹೊರತಕ್ಕವರು ಯಾರೂ ಇಲ್ಲ.

ಕೂಡಿಟ್ಟದ್ದು ಕಳುವಾಗುವ ಭಯವೂ ಬರಿಯ ಭಯವಲ್ಲ. ದಿನಸಿಯನ್ನು ಮನೆಬಾಗಿಲಿಗೆ ತಲಪಿಸುವ, ಬೆಂಗಳೂರಿನದೇ ಆದ ಬಿಗ್‌ಬ್ಯಾಸ್ಕೆಟ್ ಸಂಸ್ಥೆಯ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಸೋರಿಹೋಗಿ ಮಾರಾಟಕ್ಕೆ ಇಡಲ್ಪಟ್ಟಿದೆಯೆಂದು 2020ರ ನವೆಂಬರಿನಲ್ಲಿ ವರದಿಯಾಯಿತು. ಸಂಸ್ಥೆಯು ಬೆಂಗಳೂರಿನ ಸೈಬರ್ ಅಪರಾಧ ಪೊಲೀಸರಿಗೆ ದೂರು ಕೊಟ್ಟಿತು. ಹೆಸರು, ಫೋನ್ ನಂಬರು, ಮನೆಯ ವಿಳಾಸ, ಹುಟ್ಟಿದ ದಿನಾಂಕಗಳು ಆ ಮಾಹಿತಿಯಲ್ಲಿದ್ದುವೆಂದು ವರದಿಗಳು ಹೇಳಿದುವು. ಕಳುವಾದ ಹಣವನ್ನು ಹಿಂದಕ್ಕೆ ತರಬಹುದು, ಕಾರ್ಡನ್ನು ರದ್ದುಮಾಡಿಸಿ ಹೊಸದನ್ನು ಪಡೆಯಬಹುದು. ಹುಟ್ಟಿದ ದಿನಾಂಕವನ್ನೂ ಹುಟ್ಟಿ ಬೆಳೆದ ಮನೆಯ ವಿಳಾಸವನ್ನೂ ಬದಲಾಯಿಸುವ ಉಪಾಯ ಯಾವುದೂ ಇಲ್ಲ. ವ್ಯಾಪಾರಿಗಳು ಗ್ರಾಹಕರ ಕಾರ್ಡಿನ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳಕೂಡದೆಂದು ರಿಸರ್ವ್ ಬ್ಯಾಂಕು ವಿಧಿಸಿದ ನಿಯಮ 2022ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಅದರಿಂದ ವ್ಯಾಪಾರಗಳೇನೂ ಮುಚ್ಚಿಹೋಗಲಿಲ್ಲ. ಇಟ್ಟುಕೊಳ್ಳದಿರುವುದೇ ಕಾಪಾಡುವ ಉತ್ತಮ ವಿಧಾನವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಾಗಿಲ್ಲ.

ವರ್ತಕನ ಪಕ್ಷವನ್ನೂ ನ್ಯಾಯವಾಗಿ ಕೇಳತಕ್ಕದ್ದು. ಬಾಡಿಗೆ ಏರಿದೆ, ದೊಡ್ಡ ಬಂಡವಾಳದ ಆ್ಯಪುಗಳು ಹತ್ತು ನಿಮಿಷಕ್ಕೆ ಸಾಮಾನು ತಲಪಿಸುತ್ತಿವೆ, ಮಕ್ಕಳು ಬೇರೆ ಉದ್ಯೋಗಕ್ಕೆ ಹೋಗಿದ್ದಾರೆ. ಮೂರನೆಯ ತಲೆಮಾರಿನವನೊಬ್ಬನು ಅಂಗಡಿಯನ್ನು ಉಳಿಸಿಕೊಳ್ಳಬೇಕಾದರೆ ತನ್ನ ಗಿರಾಕಿಗಳು ಯಾರು, ಅವರಿಗೆ ಏನು ಬೇಕು ಎಂಬುದನ್ನು ಅರಿಯದೆ ತೀರದು ಎಂದು ಅವನು ಹೇಳಿದರೆ ಅದನ್ನು ಅಲ್ಲಗಳೆಯಲಾಗದು. ಬ್ರಿಟನ್ನಿನ ಟೆಸ್ಕೋ ಸಂಸ್ಥೆ 1995ರಲ್ಲಿ ಗ್ರಾಹಕರಿಗೆ ಅಂಕಗಳ ಕಾರ್ಡನ್ನು ಹಂಚಿ, ಆ ಮೂಲಕ ದೊರೆತ ಮಾಹಿತಿಯ ಬಲದಿಂದ ಮೇಲೆದ್ದಂದಿನಿಂದ ಈ ಮಾರ್ಗವೇ ಲೋಕದ ಚಿಲ್ಲರೆ ವ್ಯಾಪಾರದ ರಾಜಮಾರ್ಗವಾಗಿದೆ. ಅಂಕಗಳನ್ನು ಗಳಿಸಬೇಕೆಂದು ತಿಳಿದು, ಇಷ್ಟಪಟ್ಟು, ನಂಬರು ಕೊಡುವ ಗಿರಾಕಿಯ ವಿಷಯದಲ್ಲಿ ನನ್ನ ಆಕ್ಷೇಪವಿಲ್ಲ. ಆಕ್ಷೇಪವಿರುವುದು ತಿಳಿಸದೆ ತೆಗೆದುಕೊಳ್ಳುವುದರಲ್ಲಿ, ಒಂದಕ್ಕೆಂದು ತೆಗೆದುಕೊಂಡು ಇನ್ನೊಂದಕ್ಕೆ ಬಳಸುವುದರಲ್ಲಿ, ಮತ್ತು ಎಂದಿಗೂ ಅಳಿಸದಿರುವುದರಲ್ಲಿ.

ನಂಬರಿಲ್ಲದೆ ಬಿಲ್ಲಾಗದು ಎಂಬ ಮಾತಿಗೆ ಕಾನೂನಿನ ಆಧಾರವೂ ಇಲ್ಲ. ಜಿಎಸ್‌ಟಿ ನಿಯಮಗಳ ಪ್ರಕಾರ, ನೋಂದಣಿಯಿಲ್ಲದ ಸಾಮಾನ್ಯ ಗಿರಾಕಿಯ ಹೆಸರು ವಿಳಾಸಗಳು ಬಿಲ್ಲಿನಲ್ಲಿ ಕಡ್ಡಾಯವಾಗುವುದು ಮೊತ್ತ 50,000 ರೂಪಾಯಿ ಮುಟ್ಟಿದಾಗ. ಅಲ್ಲಿಯೂ ಫೋನ್ ನಂಬರಿನ ಪ್ರಸ್ತಾಪವಿಲ್ಲ. ಔಷಧದಂಗಡಿಯನ್ನೇ ನೋಡಿ. ಎಚ್1 ಅನುಸೂಚಿಯ ಔಷಧಗಳನ್ನು, ಎಂದರೆ ಪ್ರಬಲವಾದ ಕೆಲವು ಪ್ರತಿಜೀವಕಗಳೂ ಚಟ ಹಿಡಿಸಬಲ್ಲ ಔಷಧಗಳೂ ಸೇರಿದ ವರ್ಗವನ್ನು, ಮಾರುವಾಗ ಬೇರೆಯೇ ಒಂದು ರಿಜಿಸ್ಟರಿನಲ್ಲಿ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು, ಪ್ರಮಾಣ ಇಷ್ಟನ್ನು ಬರೆದು, ಅದನ್ನು 3 ವರ್ಷ ಕಾಪಾಡಬೇಕೆಂದು ವಿಧಿಯಿದೆ. ಎಷ್ಟು ಮಿತವಾದ, ಎಷ್ಟು ವಿವೇಕದ ವಿಧಿ! ಏನನ್ನು ಬರೆಯಬೇಕು, ಏತಕ್ಕೆ ಬರೆಯಬೇಕು, ಎಲ್ಲಿಯವರೆಗೆ ಇಡಬೇಕು ಎಂಬ ಮೂರಕ್ಕೂ ಅದರಲ್ಲಿ ಉತ್ತರವಿದೆ. ಜನರ ಪ್ರಾಣಕ್ಕೆ ಸಂಬಂಧಿಸಿದ ಔಷಧಕ್ಕೇ ಇಷ್ಟು ಸಾಕಾದರೆ, ಒಂದು ಜೊತೆ ಕಾಲುಚೀಲಕ್ಕೆ ಹೆಚ್ಚೇನು ಬೇಕು? ಬಿಲ್ಲಿಗಾಗಿ ಮೊಬೈಲ್ ನಂಬರನ್ನು ಒತ್ತಾಯಿಸುವುದು ಅನುಚಿತ ವ್ಯಾಪಾರ ಪದ್ಧತಿಯೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿಯೇ ಚಿಲ್ಲರೆ ವ್ಯಾಪಾರಿಗಳಿಗೆ ಸೂಚನೆ ಕೊಟ್ಟಿತ್ತು. ಆ ಸೂಚನೆ ನಮ್ಮ ಬೀದಿಗಳನ್ನು ಇನ್ನೂ ಮುಟ್ಟಿದಂತೆ ಕಾಣುವುದಿಲ್ಲ.

ಚಿಕ್ಕ ಅಂಗಡಿಯ ಬಾಕಿ ಪುಸ್ತಕವೂ ಈಗ ಮೊಬೈಲಿನೊಳಕ್ಕೆ ಹೋಗಿದೆ. ಬೆಂಗಳೂರಿನಲ್ಲಿಯೇ ನೆಲೆಯೂರಿರುವ ಖಾತಾಬುಕ್, ಓಕೆಕ್ರೆಡಿಟ್ ಎಂಬ ಸಂಸ್ಥೆಗಳ ಆ್ಯಪುಗಳಲ್ಲಿ ವರ್ತಕನು ಗಿರಾಕಿಯ ನಂಬರನ್ನೂ ಬಾಕಿಯ ಮೊತ್ತವನ್ನೂ ಬರೆದಿಟ್ಟರೆ, ಬಾಕಿಯನ್ನು ನೆನಪಿಸುವ ಸಂದೇಶ ಗಿರಾಕಿಗೆ ತಲಪುವ ಏರ್ಪಾಡಿದೆ. ವರ್ತಕನಿಗೆ ಇದು ದೊಡ್ಡ ಸೌಕರ್ಯ; ಕೂಡುವ ಕಳೆಯುವ ತಪ್ಪಿಲ್ಲ, ಪುಸ್ತಕ ಒದ್ದೆಯಾಗುವ ಭಯವಿಲ್ಲ, ಕೇಳುವ ಮುಜುಗರವಿಲ್ಲ. ಆದರೆ ಚಾಮರಾಜಪೇಟೆಯ ಗೃಹಿಣಿಯೊಬ್ಬಳು ಬೀದಿಯ ಅಂಗಡಿಯಲ್ಲಿ ಇಟ್ಟ ಸಾಲ ಇದುವರೆಗೆ ಅವಳಿಗೂ ಅಂಗಡಿಯವರಿಗೂ ನಡುವಿನ ಮಾತಾಗಿತ್ತು. ಈಗ ಅವಳು ಎಂದೂ ಕಾಣದ, ಅವಳ ಸಮ್ಮತಿಯನ್ನು ಎಂದೂ ಕೇಳದ ಮೂರನೆಯ ಪಕ್ಷವೊಂದು ಅದರ ಸಾಕ್ಷಿಯಾಗಿ ನಿಂತಿದೆ. ಬಾಕಿಯನ್ನು ತೀರಿಸಿದ ಮೇಲೆಯೂ ಆ ಸಾಕ್ಷಿಯು ಮರೆಯುವುದೋ ಇಲ್ಲವೋ ಎಂಬುದನ್ನು ತಿಳಿಯುವ ದಾರಿ ಅವಳಿಗಿಲ್ಲ.

ಈ ಸಂಕಟ ಗಿರಾಕಿಯೊಬ್ಬನದೇ ಅಲ್ಲವೆಂಬುದನ್ನು 2025ರ ಜುಲೈ ತಿಂಗಳು ನಮ್ಮ ವರ್ತಕರಿಗೇ ಕಲಿಸಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಸೇವೆಯ ಸಂಸ್ಥೆಗಳಿಂದ 2021–22ರಿಂದ ಮೊದಲ್ಗೊಂಡ ವರ್ಷಗಳ ಜಮೆಯ ವಿವರಗಳನ್ನು ತರಿಸಿಕೊಂಡು, ಸರಕಿನ ವ್ಯಾಪಾರದಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿಗಳ ಮಿತಿಯನ್ನು ದಾಟಿದರೆಂದು ಕಂಡವರಿಗೆ ನೋಟೀಸು ಕಳಿಸಿದರು. ಬೇಕರಿಯವರು, ಕಾಂಡಿಮೆಂಟ್ಸಿನವರು, ಚಹದಂಗಡಿಯವರು, ತರಕಾರಿಯವರು ಏಕಕಾಲಕ್ಕೆ ತಲ್ಲಣಿಸಿದರು. ಎಷ್ಟೋ ಅಂಗಡಿಗಳ ಮುಂದಿನ ಕ್ಯೂಆರ್ ಕೋಡ್ ಮಾಯವಾಗಿ, ನಗದು ಮಾತ್ರವೆಂಬ ಕೈಬರಹದ ಚೀಟಿಗಳು ತೂಗಿದುವು. ಸಾಲವಾಗಿ ಪಡೆದದ್ದು, ನಂಟರು ಕಳಿಸಿದ್ದು, ಸ್ನೇಹಿತರಿಗೆ ಚಿಲ್ಲರೆ ಕೊಡುವುದಕ್ಕಾಗಿ ಬಂದದ್ದು, ಎಲ್ಲವೂ ವ್ಯಾಪಾರವೆಂದೇ ಎಣಿಕೆಯಾಗಿದೆ, ತೆರಿಗೆಯೇ ಇಲ್ಲದ ಹಾಲು ತರಕಾರಿಗಳ ಮಾರಾಟವೂ ಲೆಕ್ಕಕ್ಕೆ ಬಂದಿದೆ ಎಂದು ಅವರು ಗೋಳಾಡಿದರು. ಕಡೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಪ್ರತಿನಿಧಿಗಳೊಡನೆ ಸಭೆ ನಡೆಸಿ, ಹಳೆಯ ಬಾಕಿಯ ವಸೂಲಿಯಿಲ್ಲವೆಂದೂ ಮುಂದಕ್ಕೆ ನೋಂದಣಿ ಮಾಡಿಸಿಕೊಳ್ಳಬೇಕೆಂದೂ ಹೇಳಿದ ಮೇಲೆ ವರ್ತಕರು ಹೂಡಲಿದ್ದ ಮುಷ್ಕರದ ಮಾತು ಅಡಗಿತು.

ತೆರಿಗೆ ಕೊಡತಕ್ಕದ್ದು ಧರ್ಮವೇ. ಅದರಲ್ಲಿ ಎರಡು ಮಾತಿಲ್ಲ. ಇಲ್ಲಿ ಗಮನಿಸಬೇಕಾದುದು ಬೇರೆ. ಒಂದು ಅನುಕೂಲಕ್ಕೆಂದು ಅಂಗಡಿಯ ಬಾಗಿಲಿಗೆ ಅಂಟಿಸಿಕೊಂಡ ಚೌಕಾಕಾರದ ಚಿತ್ರವೊಂದು ವರ್ಷಗಟ್ಟಲೆ ಮೌನವಾಗಿ ಲೆಕ್ಕ ಬರೆದಿತ್ತೆಂಬುದೂ, ಆ ಲೆಕ್ಕದಲ್ಲಿ ಮೊತ್ತಗಳು ಮಾತ್ರ ಉಳಿದು ಅವುಗಳ ಅರ್ಥವೆಲ್ಲ ಸೋರಿಹೋಗಿತ್ತೆಂಬುದೂ, ಅರ್ಥವನ್ನು ವಿವರಿಸುವ ಹೊರೆ ಕಡೆಗೆ ಬರೆಯಿಸಿಕೊಂಡವನ ಮೇಲೆಯೇ ಬಿದ್ದಿತೆಂಬುದೂ ವರ್ತಕರ ಅನುಭವಕ್ಕೆ ಬಂದುವು. ಅಂದು ಅವರಿಗೆ ಆದ ಉದ್ವೇಗ ಯಾವುದೋ ಅದೇ ಉದ್ವೇಗ ಅವರ ಗಿರಾಕಿಗೂ ಆಗತಕ್ಕದ್ದು ಸಹಜವಲ್ಲವೇ? ತಮ್ಮ ವ್ಯವಹಾರದ ಮಾಹಿತಿ ತಮ್ಮ ಕೈಮೀರಿ ಹೋಯಿತೆಂದು ನೊಂದ ವರ್ತಕರಿಗಿಂತ ಈ ನ್ಯಾಯವನ್ನು ಚೆನ್ನಾಗಿ ಅರಿಯಬಲ್ಲವರು ಬೇರಾರು?

ಈ ನ್ಯಾಯದ ಹೋರಾಟದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಈ ನಗರದ ನಿವಾಸಿಯಾಗಿದ್ದ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಆ ಅರ್ಜಿಯ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕು ಎಂದು ಸಾರಿತು. ಮುಂದಿನ ವರ್ಷದ ಸೆಪ್ಟೆಂಬರ್ 26ರಂದು ಬಂದ ಇನ್ನೊಂದು ತೀರ್ಪು, ಖಾಸಗಿ ಸಂಸ್ಥೆಗಳು ಆಧಾರನ್ನು ಕೇಳುವುದಕ್ಕೆ ಅವಕಾಶ ಕೊಟ್ಟಿದ್ದ ವಿಧಿಯನ್ನು ತೊಡೆದುಹಾಕಿತು. 2024ರ ಅಕ್ಟೋಬರಿನಲ್ಲಿ ತೊಂಬತ್ತೆಂಟನೆಯ ವಯಸ್ಸಿನಲ್ಲಿ ಪುಟ್ಟಸ್ವಾಮಿಯವರು ತೀರಿಕೊಂಡರು. ಸರ್ಕಾರ, ವ್ಯಾಪಾರ, ತಂತ್ರಜ್ಞಾನಗಳ ಸಮಸ್ತ ಬಲದ ಎದುರಿಗೆ ವೃದ್ಧನಾಗರಿಕರೊಬ್ಬರು ಕಾಗದ ಲೇಖನಿಗಳಿಂದ ಇಡೀ ದೇಶಕ್ಕೆ ಗಳಿಸಿಕೊಟ್ಟ ಹಕ್ಕನ್ನು ಅವರ ಊರಿನವರೇ ಗಲ್ಲಾದ ಮುಂದೆ ದಾಕ್ಷಿಣ್ಯಕ್ಕೆ ಬಿಟ್ಟುಕೊಡುವುದು ಶೋಭೆಯಲ್ಲ.

ಖಾಸಗಿತನದ ಆ ತೀರ್ಪಿನ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು; ವರ್ತಕರ ಮೇಲಿನ ಮುಖ್ಯ ಕರ್ತವ್ಯಗಳು ಜಾರಿಯಾಗುವುದಕ್ಕೆ ಹದಿನೆಂಟು ತಿಂಗಳ, ಎಂದರೆ 2027ರ ಮೇ ವರೆಗಿನ, ಅವಧಿಯನ್ನು ಕೊಡಲಾಗಿದೆ. ಈ ಅಧಿನಿಯಮವು ಮಾಹಿತಿಯನ್ನು ಪಡೆದವನನ್ನು ಅದರ ಒಡೆಯನೆಂದು ಎಣಿಸದೆ ನ್ಯಾಸಧಾರಿಯೆಂದು ಎಣಿಸುತ್ತದೆ. ಸಮ್ಮತಿ ಸ್ವತಂತ್ರವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು, ಸಂದಿಗ್ಧವಿಲ್ಲದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳುವಂತಿರಬೇಕು. ಉದ್ದೇಶ ನೆರವೇರಿದ ಮೇಲೆ ಮಾಹಿತಿಯನ್ನು ಅಳಿಸಬೇಕು. ಔಷಧದಂಗಡಿಯಲ್ಲಿ ರಸೀತಿಗಾಗಿ ತಾನಾಗಿ ನಂಬರು ಕೊಟ್ಟ ಗಿರಾಕಿಯ ದೃಷ್ಟಾಂತವನ್ನು ಅಧಿನಿಯಮವೇ ಕೊಟ್ಟಿದೆ: ಆ ನಂಬರನ್ನು ರಸೀತಿ ಕಳಿಸುವ ಉದ್ದೇಶಕ್ಕೆ ಬಳಸಬಹುದು ಎಂದು. ಇನ್ನೂ ಒಂದು ವಿಧಿ ಕನ್ನಡಿಗರಾದ ನಮಗೆ ವಿಶೇಷವಾಗಿ ಮುಖ್ಯವಾದದ್ದು. ಮಾಹಿತಿಯನ್ನು ಏತಕ್ಕಾಗಿ ಕೇಳುತ್ತೇವೆಂಬ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲಿಯಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿಯಾಗಲಿ ಓದುವ ಆಯ್ಕೆಯನ್ನು ಗಿರಾಕಿಗೆ ಕೊಡತಕ್ಕದ್ದು. ಎಂದ ಮೇಲೆ ಕನ್ನಡದಲ್ಲಿ ಕೇಳುವುದು ಇನ್ನು ಮೇಲೆ ಅಭಿಮಾನದ ಕೋರಿಕೆ ಮಾತ್ರವಲ್ಲ, ಶಾಸನಸಿದ್ಧವಾದ ಹಕ್ಕು. ಅರ್ಥವಾಗದ ಭಾಷೆಯ ಷರತ್ತುಗಳ ಕೆಳಗೆ ಒತ್ತಿದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಅಧಿನಿಯಮದಲ್ಲಿ ಲೋಪಗಳೂ ಇವೆ. ಭದ್ರತೆಯಲ್ಲಿ ತಪ್ಪಿದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದಾದರೂ ಆ ಹಣ ಸೇರುವುದು ಸರ್ಕಾರದ ಬೊಕ್ಕಸಕ್ಕೆ; ನಷ್ಟಪಟ್ಟ ನಾಗರಿಕನಿಗೆ ಪರಿಹಾರ ಕೊಡಿಸುವ ವಿಧಿ ಇದರಲ್ಲಿಲ್ಲ. ಸರ್ಕಾರವು ತನ್ನ ಅಂಗಸಂಸ್ಥೆಗಳಿಗೂ ತಾನು ಗೊತ್ತುಮಾಡಿದ ಕೆಲವು ವರ್ಗದ ಉದ್ಯಮಗಳಿಗೂ ವಿನಾಯಿತಿ ಕೊಡಬಲ್ಲುದು. ಹುರುಳಿಲ್ಲದ ದೂರು ಕೊಟ್ಟನೆಂದು ತೀರ್ಮಾನವಾದರೆ ನಾಗರಿಕನೇ 10,000 ರೂಪಾಯಿಗಳವರೆಗೆ ದಂಡ ತೆರಬೇಕಾಗಬಹುದು. ಆದ್ದರಿಂದ ಶಾಸನವೊಂದನ್ನೇ ನಂಬಿ ಕುಳಿತರೆ ಸಾಲದು. ಹಕ್ಕು ಪುಸ್ತಕದಲ್ಲಿದ್ದು ಆಚಾರದಲ್ಲಿಲ್ಲದಿದ್ದರೆ ಅದು ಇದ್ದೂ ಇಲ್ಲದಂತೆಯೇ.

ಆಚಾರವಾಗಿ ನಾವು ಮಾಡಬೇಕಾದುದೇನು? ಗಿರಾಕಿಗಳಾದ ನಾವು, ನಂಬರಿಲ್ಲದೆ ಬಿಲ್ಲು ಮಾಡಿರೆಂದು ಕೇಳುವುದನ್ನು ಸಂಕೋಚದ ವಿಷಯವೆಂದು ಭಾವಿಸಬಾರದು. ಬಿಲ್ಲು ಮಾಡುವ ಹುಡುಗ ಹುಡುಗಿಯರ ಮೇಲೆ ರೇಗಬಾರದು. ನಂಬರಿನ ಜಾಗ ತುಂಬದೆ ತೆರೆ ಮುಂದಕ್ಕೆ ಹೋಗದಂತೆ ತಂತ್ರಾಂಶ ಮಾಡಿರುವವರು ಅವರಲ್ಲ. ಮಾತನ್ನು ಯಜಮಾನರಿಗೆ ತಲಪಿಸಬೇಕು. ಮನೆಯ ಹಿರಿಯರಿಗೆ, ವಿಶೇಷವಾಗಿ ಒಂಟಿಯಾಗಿರುವ ಹಿರಿಯರಿಗೆ, ನಂಬರನ್ನೂ ಓಟಿಪಿಯನ್ನೂ ಕೇಳಿದವರಿಗೆಲ್ಲ ಹೇಳಬೇಕಾಗಿಲ್ಲವೆಂಬುದನ್ನು ತಾಳ್ಮೆಯಿಂದ ತಿಳಿಸಬೇಕು. ಮಕ್ಕಳೆಲ್ಲ ಹೊರದೇಶದಲ್ಲಿದ್ದು, ವೃದ್ಧ ದಂಪತಿಗಳಿಬ್ಬರೇ ಇರುವ ಮನೆಗಳು ಈ ಮೂರು ಬಡಾವಣೆಗಳಲ್ಲಿ ಎಷ್ಟಿವೆಯೆಂಬುದು ನಮಗೆಲ್ಲ ತಿಳಿದದ್ದೇ. ಸೋರಿದ ಮಾಹಿತಿಯನ್ನು ಹಿಡಿದುಕೊಂಡು, ಹೆಸರು ವಿಳಾಸ ಸಮೇತ ಮಾತನಾಡಿಸಿ ಮೋಸಮಾಡುವವರಿಗೆ ಮೊದಲು ಗುರಿಯಾಗುವವರು ಅಂಥವರೇ.

ವರ್ತಕರು ಮಾಡಬೇಕಾದುದು ಇನ್ನೂ ಸುಲಭವಾದದ್ದು. ನಂಬರು ಬೇಕಾದರೆ ಏತಕ್ಕೆಂದು ಎರಡು ಸಾಲಿನ ಕನ್ನಡ ಫಲಕವನ್ನು ಗಲ್ಲಾದ ಬಳಿ ತೂಗುಹಾಕಲಿ. ಕೊಡದಿದ್ದರೂ ಬೆಲೆಯಲ್ಲಿಯೂ ಆದರದಲ್ಲಿಯೂ ಭೇದವಿಲ್ಲವೆಂದು ಅದರಲ್ಲಿ ಬರೆಯಲಿ. ಮಾಹಿತಿಯನ್ನು ಎಷ್ಟು ಕಾಲ ಇಡುತ್ತೇವೆಂಬುದನ್ನು ತಾವೇ ಗೊತ್ತುಮಾಡಿ, ಕಾಲ ಮುಗಿದೊಡನೆ ಅಳಿಸಲಿ. ಕೋಟಿಗಟ್ಟಲೆ ಬಳಕೆದಾರರಿರುವ ಇ-ವಾಣಿಜ್ಯ ಸಂಸ್ಥೆಗಳಿಗೆ, ಮೂರು ವರ್ಷ ಇತ್ತ ಸುಳಿಯದ ಗ್ರಾಹಕನ ಮಾಹಿತಿಯನ್ನು ಮುನ್ಸೂಚನೆ ಕೊಟ್ಟು ಅಳಿಸಬೇಕೆಂದು ಹೊಸ ನಿಯಮಗಳೇ ವಿಧಿಸಿವೆ. ಬೀದಿಯ ಅಂಗಡಿಗೆ ಒಂದು ವರ್ಷ ಧಾರಾಳವಾಗಿ ಸಾಕು. ಈ ನಗರದ ತಂತ್ರಜ್ಞರಿಗೂ ಒಂದು ಮಾತು ಹೇಳತಕ್ಕದ್ದಿದೆ. ಗಿರಾಕಿಗಳ ಮಾಹಿತಿಯನ್ನು ಕೂಡಿಡುವ ಸಾಧನಗಳಲ್ಲಿ ಎಷ್ಟೋ ತಯಾರಾಗುವುದು ಬೆಂಗಳೂರಿನಲ್ಲಿಯೇ, ಈ ಬಡಾವಣೆಗಳ ಶಾಲೆ ಕಾಲೇಜುಗಳಲ್ಲಿ ಓದಿದವರ ಕೈಯಿಂದಲೇ. ನಂಬರಿನ ಜಾಗವನ್ನು ಖಾಲಿ ಬಿಟ್ಟರೂ ಬಿಲ್ಲಾಗುವಂತೆ, ಅಳಿಸುವ ದಿನಾಂಕವನ್ನು ಮೊದಲೇ ನಮೂದಿಸುವಂತೆ ತಂತ್ರಾಂಶವನ್ನು ರಚಿಸುವುದು ಅವರಿಗೆ ಒಂದು ಸಂಜೆಯ ಕೆಲಸ. ಸಾವಿರಾರು ಅಂಗಡಿಗಳ ಆಚಾರವನ್ನು ಹಾಗೆ ಒಮ್ಮೆಗೇ ತಿದ್ದುವ ಶಕ್ತಿ ಅವರಿಗಲ್ಲದೆ ಬೇರೆ ಯಾರಿಗೂ ಇಲ್ಲ.

ವ್ಯಾಪಾರವು ನಂಬಿಕೆಯ ಮೇಲೆ ನಿಂತದ್ದು ಎಂಬುದನ್ನು ನಮ್ಮ ಹಿರಿಯ ವರ್ತಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1943ರಿಂದ ಗಾಂಧಿ ಬಜಾರಿನಲ್ಲಿ ನಡೆದುಕೊಂಡು ಬಂದಿರುವ ವಿದ್ಯಾರ್ಥಿ ಭವನಕ್ಕೆ ಜನ ತಲೆಮಾರುಗಳಿಂದ ಹೋಗುತ್ತಿರುವುದು ದೋಸೆಯ ಗುಣದ ಸ್ಮರಣೆಯಿಂದ. ಒಳ್ಳೆಯ ಪದಾರ್ಥ, ಸರಿಯಾದ ತೂಕ, ಸೌಜನ್ಯದ ಮಾತು ಇವುಗಳಿಂದ ಗಿರಾಕಿ ತಾನಾಗಿ ಮರಳಿ ಬರುತ್ತಾನೆ. ಹಾಗೆ ಬರುವುದೋ ಬಿಡುವುದೋ ಅವನ ಇಚ್ಛೆಗೆ ಸೇರಿದ್ದೆಂಬ ಗೌರವವೇ ವ್ಯಾಪಾರಧರ್ಮದ ಸಾರ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ವರ್ತಕರ ಸಂಘಗಳು 2027ರ ಗಡುವನ್ನು ಕಾಯುತ್ತ ಕುಳಿತಿರದೆ, ಸಭೆ ಸೇರಿ, ಮೂರು ನಿಯಮಗಳನ್ನು ಒಮ್ಮತದಿಂದ ಅಂಗೀಕರಿಸಲೆಂದು ಕೋರುತ್ತೇನೆ: ನಂಬರಿಲ್ಲದೆ ಬಿಲ್ಲು ಕೊಡುತ್ತೇವೆ, ಕೇಳಿದರೆ ಕಾರಣವನ್ನು ಕನ್ನಡದಲ್ಲಿ ಹೇಳುತ್ತೇವೆ, ಕೆಲಸ ಮುಗಿದ ಮೇಲೆ ಅಳಿಸುತ್ತೇವೆ. ಕಾನೂನಿನ ಭಯದಿಂದ ನಾಳೆ ಮಾಡಬೇಕಾಗಿ ಬರುವುದನ್ನು ಇಂದು ತಾವಾಗಿ ಮಾಡಿದರೆ, ನಾಡಿನ ಉಳಿದ ಪೇಟೆಗಳಿಗೆ ಈ ಮೂರು ಪೇಟೆಗಳೇ ಮೇಲ್ಪಂಕ್ತಿಯಾಗುವುವು.